ಹಗ್ಗ ಎಷ್ಟು ಮಾರು ಬೇಕು?

ನಮ್ಮ ಕಾಸರಗೋಡಿನ ಕಡೆ ಬಾವಿಗೆ ಹೊಸ ಹಗ್ಗ ತರುವುದಿದ್ದರೆ ಹಿರಿಯರು ಮೊದಲು ಕೇಳುವುದು "ಎಷ್ಟು ಮಾರು?" ಎಂದು. ಎರಡೂ ಕೈ ಚಾಚಿದರೆ ಒಂದು ಮಾರು, ಹೆಚ್ಚುಕಡಿಮೆ ಆರಡಿ. ಆಟಿ ತಿಂಗಳಲ್ಲಿ ನಾಲ್ಕು ಮಾರಿಗೆ ನೀರು ಸಿಗುವ ಬಾವಿಗೆ ಪಗ್ಗು ತಿಂಗಳಲ್ಲಿ ಎಂಟು ಮಾರು ಬೇಕಾದೀತು. ಲೆಕ್ಕ ತಪ್ಪಿದರೆ ಕೊಡಪಾನ ನೀರಿಗೆ ಮುಟ್ಟುವುದಿಲ್ಲ, ಅಷ್ಟೆ. ಹಗ್ಗದ ತುದಿಯಲ್ಲಿ ಕೊಡಪಾನದ ಬದಲು ಮನುಷ್ಯನೇ ಇದ್ದರೆ?

ಪಾಶ್ಚಾತ್ಯ ದೇಶಗಳಲ್ಲಿ ಕ್ಯಾನ್ಯನಿಂಗ್ ಎಂಬ ಸಾಹಸವಿದೆ. ತೊರೆಯೊಂದು ಬಂಡೆಯನ್ನು ಕೊರೆದು ಮಾಡಿದ ಇಕ್ಕಟ್ಟಾದ ಕಮರಿಗೆ ಮೇಲಿನಿಂದ ಹೊಕ್ಕು, ಜಲಪಾತಗಳನ್ನು ಹಗ್ಗದಲ್ಲಿ ಇಳಿದು, ಮಡುಗಳನ್ನು ಈಜಿ, ಕೆಳಗಡೆ ಹೊರಬರುವುದು. ಇದಕ್ಕೆ ಹೊರಡುವವರ ಮೊದಲ ಪ್ರಶ್ನೆಯೂ ನಮ್ಮ ಹಿರಿಯರದ್ದೇ. ಆ ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆ ಸ್ವಾರಸ್ಯಕರವಾಗಿದೆ.

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಇಂಗಲ್‌ಬರೋ ಎಂಬ ಬೆಟ್ಟವಿದೆ. ಅದರ ಇಳಿಜಾರಿನಲ್ಲಿ ಫೆಲ್ ಬೆಕ್ ಎಂಬ ತೊರೆ ಹರಿದು ಬಂದು ಥಟ್ಟನೆ ನೆಲದೊಳಗಿನ ಒಂದು ಬಾಯಿಗೆ ಬೀಳುತ್ತದೆ. ಗೇಪಿಂಗ್ ಗಿಲ್ ಎಂದು ಅದರ ಹೆಸರು. ಆಳ ಸುಮಾರು 100 ಮೀಟರ್, ನಮ್ಮ ಲೆಕ್ಕದಲ್ಲಿ ಐವತ್ತೈದು ಮಾರು! 1842ರಲ್ಲಿ ಜಾನ್ ಬರ್ಕ್‌ಬೆಕ್ ಎಂಬ ಬ್ಯಾಂಕರ್ ತೊರೆಯ ನೀರನ್ನು ಬೇರೆಡೆಗೆ ತಿರುಗಿಸಿ, ಹಗ್ಗದಲ್ಲಿ ತನ್ನನ್ನು ಇಳಿಬಿಡಿಸಿಕೊಂಡ. ಅವನಿಗೆ ಮುಟ್ಟಲಾದದ್ದು ಸುಮಾರು 190 ಅಡಿ ಕೆಳಗಿನ ಒಂದು ಬಂಡೆಯ ಚಾಚಿನವರೆಗೆ ಮಾತ್ರ. ಆ ಚಾಚಿಗೆ ಇಂದಿಗೂ ಅವನದ್ದೇ ಹೆಸರು.

ಮುಂದೆ 53 ವರ್ಷಗಳ ನಂತರ ಅದರ ತಳ ಮುಟ್ಟಿದವನು ಫ್ರಾನ್ಸಿನ ಎದುವಾರ್ ಆಲ್ಫ್ರೆಡ್ ಮಾರ್ಟೆಲ್ (1859-1938). ವೃತ್ತಿಯಿಂದ ವಕೀಲ, ಆದರೆ ಮನಸ್ಸೆಲ್ಲ ನೆಲದಡಿಯಲ್ಲಿ. 1889ರಲ್ಲಿ ಪಾದಿರಾಕ್ ಎಂಬಲ್ಲಿ 75 ಮೀಟರ್ ಆಳದ ಬೃಹತ್ ಕುಳಿಗೆ ಇಳಿದು, ಮಡಚುವ ಕ್ಯಾನ್ವಾಸ್ ದೋಣಿಯಲ್ಲಿ ಪಾತಾಳದ ನದಿಯ ಮೇಲೆ ಹೋಗಿದ್ದ. 1895ರ ಆಗಸ್ಟ್ 1ರಂದು ಗೇಪಿಂಗ್ ಗಿಲ್‌ಗೆ ಹಗ್ಗದ ಏಣಿಗಳನ್ನು ಇಳಿಬಿಟ್ಟು, ಸೊಂಟಕ್ಕೆ ಕಾವಲು ಹಗ್ಗ ಕಟ್ಟಿಕೊಂಡು, ಮೇಲಿನವರ ಜೊತೆ ಮಾತಾಡಲು ಟೆಲಿಫೋನ್ ಹಿಡಿದುಕೊಂಡು ಇಳಿದ. ಅಷ್ಟು ಆಳದಲ್ಲಿ, ನೀರು ಬೀಳುವ ಸದ್ದಿನಲ್ಲಿ, ಕೂಗು ಯಾರಿಗೆ ಕೇಳೀತು? ಟೆಲಿಫೋನ್ ಒಯ್ದದ್ದು ಬಹಳ ಜಾಣತನದ ಕೆಲಸ ಎಂದು ನನಗನಿಸುತ್ತದೆ.

ಮಾರ್ಟೆಲನ ಲೆಕ್ಕ ಸುಲಭ. ಎಷ್ಟು ಆಳವೋ ಅಷ್ಟು ಏಣಿ. ಏಕೆಂದರೆ ಗುಹೆಗೆ ಇಳಿದವನು ಅದೇ ದಾರಿಯಲ್ಲಿ ಹತ್ತಿ ಬರಬೇಕು, ಏಣಿ ಅಲ್ಲೇ ತೂಗುತ್ತಿರುತ್ತದೆ. ಆಳ ಅಳೆಯಲು ಭಾರ ಕಟ್ಟಿದ ದಾರ ಇಳಿಬಿಡುವುದು ಆಗಿನ ಕ್ರಮ. ಆದರೆ ಭಾರ ನಡುವಿನ ಯಾವುದೋ ಚಾಚಿನ ಮೇಲೆ ಕೂತರೆ ಅದೇ ತಳವೆಂದು ಮೋಸ ಹೋಗಬಹುದು.

ಕಮರಿಯ ಲೆಕ್ಕ ಬೇರೆ. ಅಲ್ಲಿ ಹತ್ತಿ ಬರುವುದಿಲ್ಲ, ಮುಂದಕ್ಕೇ ಹೋಗುವುದು. ಹತ್ತು ಜಲಪಾತಗಳಿದ್ದರೆ ಹತ್ತು ಹಗ್ಗ ಹೊರಲಾಗುತ್ತದೆಯೇ? ಇಳಿದ ಮೇಲೆ ಹಗ್ಗವೂ ಕೆಳಗೆ ಬರಬೇಕು. ಇದಕ್ಕೆ ಉಪಾಯ ಸಿಕ್ಕಿದ್ದು ಗುಹೆಯಲ್ಲಲ್ಲ, ಆಲ್ಪ್ಸ್ ಪರ್ವತದಲ್ಲಿ. ಶಾಮೊನಿಯ ಮಾರ್ಗದರ್ಶಿ ಜಾನ್ ಶಾರ್ಲೆ 1876ರಲ್ಲಿ ಪೆತಿ ದ್ರು ಎಂಬ ಕಡಿದಾದ ಶಿಖರವನ್ನು ಒಬ್ಬನೇ ಹತ್ತಲು ಹೋಗಿ ಅರ್ಧದಿಂದ ಹಿಂದಿರುಗಬೇಕಾಯಿತು. ಹಗ್ಗವನ್ನು ಮೇಲೆ ಗಂಟು ಹಾಕಿದರೆ ಅದು ಅಲ್ಲೇ ಉಳಿಯುತ್ತದೆ. ಹಾಗಾಗಿ ಹಗ್ಗದ ನಡುಭಾಗವನ್ನು ಬಂಡೆಯ ಮೊನೆಗೆ ಸುತ್ತಿಸಿ, ಎರಡೂ ಎಳೆ ಹಿಡಿದು ಇಳಿದು, ಒಂದು ತುದಿ ಎಳೆದರೆ ಹಗ್ಗ ಪೂರ್ತಿ ಕೈಗೆ! 1879ರಲ್ಲಿ ಇಬ್ಬರು ಸಂಗಡಿಗರೊಂದಿಗೆ ಅದೇ ಶಿಖರವನ್ನು ಹತ್ತಿದ, ಇದೇ ರೀತಿಯಲ್ಲಿ ಇಳಿದ. ಇಂದು ರ‍್ಯಾಪೆಲಿಂಗ್ ಎನ್ನುವುದರ ಮೂಲ ಇದು.

ಆದರೆ ಈ ಉಪಾಯಕ್ಕೆ ಬೆಲೆ ಉಂಟು. 60 ಮೀಟರ್ ಹಗ್ಗದಲ್ಲಿ ಇಳಿಯಬಹುದಾದದ್ದು 30 ಮೀಟರ್ ಮಾತ್ರ. ಎರಡನೆಯದು ಇನ್ನೂ ದೊಡ್ಡದು: ಹಗ್ಗ ಎಳೆದುಕೊಂಡ ಕ್ಷಣಕ್ಕೆ ಹಿಂದಿನ ದಾರಿ ಮುಚ್ಚಿತು. ಮುಂದಿನ ಜಲಪಾತ 35 ಮೀಟರ್ ಇದ್ದರೆ? ಮೇಲೆ ಹೋಗುವಂತಿಲ್ಲ, ಕೆಳಗೆ ಇಳಿಯುವಂತಿಲ್ಲ. ಎರಡೂ ಬದಿಗೆ ಗೋಡೆ. ಮೋಡ ಕವಿದರೆ ಮುಗಿಯಿತು. ಹೀಗಾಗಿ ಕಮರಿಯಲ್ಲಿ ಹಗ್ಗದ ಉದ್ದ ನಿರ್ಧರಿಸುವುದು ಮೊದಲ ಜಲಪಾತವಲ್ಲ, ಎಲ್ಲಕ್ಕಿಂತ ಎತ್ತರದ್ದು.

ಹಾಗಾದರೆ ಬೇಕಾದಷ್ಟು ಉದ್ದದ ಹಗ್ಗ ಒಯ್ದರಾಯಿತಲ್ಲ ಎನ್ನಬಹುದು. ಸೆಣಬಿನಂಥ ನಾರಿನ ಹಗ್ಗಗಳ ಕಾಲದಲ್ಲಿ ಅದು ಆಗುವ ಮಾತಲ್ಲ. ನೆನೆದರೆ ಭಾರ, ಒಣಗಿಸದೆ ಇಟ್ಟರೆ ಕೊಳೆತ. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ನೈಲಾನ್ ತಯಾರಾಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಫಿಲಿಪೈನ್ಸನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಮನಿಲಾ ನಾರು ನಿಂತುಹೋಗಿ, ನೈಲಾನ್ ಹಗ್ಗಕ್ಕೆ ಬೇಡಿಕೆ ಬಂತು. 1953ರಲ್ಲಿ ಜರ್ಮನಿಯ ಎಡೆಲ್ರಿಡ್ ಒಳಗೆ ತಿರುಳು, ಹೊರಗೆ ಹೆಣೆದ ಕವಚವಿರುವ ಹಗ್ಗ ತಂದಿತು. ಸ್ಪೇನಿನ ಸಿಯೆರ್ರಾ ದೆ ಗ್ವಾರಾ, ಅಮೆರಿಕದ ಯೂಟಾ ಮುಂತಾದ ಕಡೆ ಕಮರಿ ಇಳಿಯುವುದು ಜನಪ್ರಿಯವಾದದ್ದು ಇಂಥ ಹಗ್ಗಗಳು ಬಂದ ಮೇಲೆಯೇ.

ಯೂಟಾದ ಝಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ಹೀಪ್ಸ್ ಎಂಬ ಕಮರಿಯಿದೆ. ಅದರ ಕೊನೆಯ ಇಳಿತ ಸುಮಾರು 85 ಮೀಟರ್, ಬಹುಪಾಲು ಗಾಳಿಯಲ್ಲಿ ತೂಗಾಡುತ್ತಲೇ. ಶಾರ್ಲೆಯ ಕ್ರಮದಲ್ಲಾದರೆ 170 ಮೀಟರ್ ಹಗ್ಗ ಹೊರಬೇಕು. ಇಂಥಲ್ಲಿ ಒಂದು ದಪ್ಪ ಹಗ್ಗ, ಅಷ್ಟೇ ಉದ್ದದ ಒಂದು ತೆಳು ದಾರ ಒಯ್ಯುತ್ತಾರೆ. ದಪ್ಪ ಹಗ್ಗವನ್ನು ಬಳೆಯೊಂದರೊಳಗೆ ತೂರಿಸಿ, ಬಳೆಯಲ್ಲಿ ನುಸುಳದಂಥ ಗಂಟು ಹಾಕಿ, ಒಂದೇ ಎಳೆಯಲ್ಲಿ ಇಳಿಯುತ್ತಾರೆ. ಕೆಳಗೆ ಬಂದು ತೆಳು ದಾರ ಎಳೆದರೆ ಗಂಟಿನ ಜೊತೆ ಹಗ್ಗವೂ ಬರುತ್ತದೆ. ತೆಳು ದಾರದಲ್ಲಿ ಮಾತ್ರ ಯಾರೂ ಇಳಿಯಕೂಡದು.

ಹಗ್ಗ ಹೆಚ್ಚಾದರೂ ಕಷ್ಟವೇ, ಇದು ನನಗೆ ಬಹಳ ವಿಚಿತ್ರವಾಗಿ ಕಂಡ ಸಂಗತಿ. ಒಣ ಬಂಡೆಯಲ್ಲಿ ಹಗ್ಗದ ತುದಿಗೆ ಗಂಟು ಹಾಕುತ್ತಾರೆ. ಕೈತಪ್ಪಿ ತುದಿಯಿಂದ ಜಾರಿಬೀಳುವವನನ್ನು ಆ ಗಂಟು ತಡೆಯುತ್ತದೆ. ನೀರು ರಭಸವಾಗಿ ಬೀಳುವ ಕಮರಿಯಲ್ಲಿ ಅದೇ ಗಂಟು ಯಮಪಾಶ. ಮಡುವಿನಲ್ಲಿ ಸುತ್ತಿಕೊಂಡ ಹೆಚ್ಚಿನ ಹಗ್ಗ ಕಾಲಿಗೆ ತೊಡರಿ, ಗಂಟು ಸಿಕ್ಕಿಕೊಂಡು, ಜಲಪಾತದ ಕೆಳಗೇ ಮನುಷ್ಯ ಮುಳುಗಬಹುದು. ಆದ್ದರಿಂದ ಅಲ್ಲಿ ಮೊದಲು ಇಳಿಯುವವನಿಗೆ ತುದಿ ನೀರನ್ನು ಮುಟ್ಟುವಷ್ಟೇ ಹಗ್ಗ ಬಿಟ್ಟು, ಗಂಟಿಲ್ಲದೆ ಇಡುತ್ತಾರೆ. ಅವನು ತುದಿಯಿಂದ ಕಳಚಿಕೊಂಡು ಈಜಿ ಹೋಗುತ್ತಾನೆ. ಕಡಿಮೆಯಾದರೆ ಇನ್ನಷ್ಟು ಬಿಡಲು ಮೇಲೆ ನಿಂತವನು ಸೀಟಿಗೆ ಕಿವಿಗೊಟ್ಟಿರುತ್ತಾನೆ.

ಪುಸ್ತಕದಲ್ಲಿ ಬರೆದ ಎತ್ತರವನ್ನೂ ಪೂರ್ತಿ ನಂಬುವಂತಿಲ್ಲ. ಒಂದು ಪ್ರವಾಹ ಬಂದು ಮಡುವಿನ ಮರಳನ್ನು ಕೊಚ್ಚಿಕೊಂಡು ಹೋದರೆ ಹಿಂದಿನ ವರ್ಷ 8 ಮೀಟರ್ ಇದ್ದ ಇಳಿತ ಈಗ 10 ಮೀಟರ್ ಆಗಿರಬಹುದು. ಅದಕ್ಕೇ ಅನುಭವಿಗಳ ತಂಡದಲ್ಲಿ ಇನ್ನೊಬ್ಬನ ಚೀಲದೊಳಗೆ ಮತ್ತೊಂದು ಹಗ್ಗ ಇರುತ್ತದೆ. ಒಂದು ಹಗ್ಗ ಎಳೆಯುವಾಗ ಮೇಲೆ ಸಿಕ್ಕಿಕೊಂಡು ಬರದೇ ಹೋದರೂ ಕೆಳಗೆ ಉಳಿದ ಇಳಿತಗಳಿಗೆ ಅದು ಬೇಕು.