ತಾಮ್ರಪಟವೂ ತಾಮ್ರದ ತಂತಿಯೂ

ವೈರ್‌ಲೆಸ್ಸಿಗೆ ‘ನಿಸ್ತಂತು’ ಎಂದು ಹೆಸರಿಟ್ಟ ಪಂಡಿತರು ಸೈನ್ಯದ ವಾಹನದೊಳಗೆ ಒಮ್ಮೆ ಇಣಿಕಿ ನೋಡಿದ್ದರೆ ಕೊಂಚ ಹಿಂದೆಮುಂದೆ ನೋಡುತ್ತಿದ್ದರೋ ಏನೋ! ಮಾತು ಆಕಾಶದಲ್ಲಿ ತಂತಿಯ ಹಂಗಿಲ್ಲದೆ ಹಾರುವುದು ನಿಜ. ಆದರೆ ಅದು ಹಾರುವ ಮುನ್ನ ಬ್ಯಾಟರಿಯಿಂದ ವಿದ್ಯುತ್ತಿನ ಪೆಟ್ಟಿಗೆಗೆ, ಅಲ್ಲಿಂದ ಸೆಟ್ಟಿಗೆ, ಸೆಟ್ಟಿನಿಂದ ಸೈನಿಕನ ಕಿವಿಗೂ ಬಾಯಿಗೂ, ಮತ್ತೆ ಮೇಲಿನ ಏರಿಯಲ್ ಕಡ್ಡಿಗೂ ಎಷ್ಟೊಂದು ತಂತಿಗಳು ಬಳ್ಳಿಯಂತೆ ಹಬ್ಬಿರಬೇಕು! ಯುದ್ಧ ಮುಗಿದ ಮೇಲೆ ಸೆಟ್ಟಿಗೆ ಹೇಗೋ ವಸ್ತುಸಂಗ್ರಹಾಲಯದಲ್ಲಿ ಜಾಗ ದೊರೆಯುತ್ತದೆ. ಬಳ್ಳಿ ಮಾತ್ರ ಗುಜರಿಯವನ ತಕ್ಕಡಿ ಸೇರುತ್ತದೆ. ಅದರೊಳಗೆ ತಾಮ್ರವಿದೆಯಲ್ಲವೆ?

ತಾಮ್ರಕ್ಕೂ ಇತಿಹಾಸಕ್ಕೂ ಇರುವ ನಂಟು ನಮ್ಮ ನಾಡಿಗೆ ಹೊಸತಲ್ಲ. ಹರವೆಯಿರುವ ಚಾಮರಾಜನಗರದ ಸೀಮೆಯನ್ನೇ ನೋಡಿ. ಈ ತಾಲ್ಲೂಕಿನ ಕುಲಗಾಣದಲ್ಲಿ ಗಂಗ ಅರಸು ಶಿವಮಾರನ ತಾಮ್ರಶಾಸನ ದೊರೆತಿದೆ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸರು 1898ರಲ್ಲಿ ‘ಎಪಿಗ್ರಾಫಿಯ ಕರ್ನಾಟಕ’ದ ನಾಲ್ಕನೆಯ ಸಂಪುಟದಲ್ಲಿ ಅಚ್ಚುಹಾಕಿಸಿದರು. ಗಂಗರ ತಾಮ್ರಪಟಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಆ ಬಳೆಗೆ ಆನೆಯ ಮುದ್ರೆ ಒತ್ತುತ್ತಿದ್ದರು. ಬಳೆ ಕಡಿದು ಹಲಗೆಗಳು ಚದರಿದರೆ ದಾನವಿತ್ತವನ ಹೆಸರು ಒಂದು ಕಡೆ, ದಾನದ ಭೂಮಿ ಇನ್ನೊಂದು ಕಡೆ. ಕರಗಿಸಿಬಿಟ್ಟರಂತೂ ಉಳಿಯುವುದು ಒಂದು ಚೊಂಬಿಗಾಗುವಷ್ಟು ಲೋಹ ಮಾತ್ರ. ಸೈನ್ಯದ ತಂತಿಯ ಕತೆಯೂ ಇದೇ. ಅದೂ ಅಕ್ಷರ ಹೊತ್ತ ತಾಮ್ರ, ಅದಕ್ಕೂ ಜೊತೆಗಾರರುಂಟು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಹಾಗೂ ಭಾರತೀಯ ಸೇನೆಗಳ ಟ್ಯಾಂಕುಗಳಲ್ಲಿ ಹೆಸರಾದದ್ದು 19ನೆಯ ನಂಬರಿನ ಸೆಟ್ಟು. ಇದನ್ನು ರೂಪಿಸಿದ್ದು ಕೇಂಬ್ರಿಜ್ಜಿನ ಪೈ ಕಂಪನಿ. ದೂರದ ದಂಡಿನೊಡನೆ ಮಾತು, ಹತ್ತಿರದ ಟ್ಯಾಂಕುಗಳೊಡನೆ ಮಾತು, ಒಂದೇ ಟ್ಯಾಂಕಿನೊಳಗಿನವರು ತಮ್ಮತಮ್ಮಲ್ಲಿ ಆಡುವ ಮಾತು, ಈ ಮೂರನ್ನೂ ಅದೊಂದೇ ನಡೆಸುತ್ತಿತ್ತು. ಆದ್ದರಿಂದಲೇ ಅದಕ್ಕೆ ಅಷ್ಟೊಂದು ಬಗೆಯ ತಂತಿಗಳು, ಆರು ಪಿನ್ನಿನ ಮತ್ತು ಹನ್ನೆರಡು ಪಿನ್ನಿನ ಪ್ಲಗ್ಗುಗಳು. ಉತ್ತರ ಅಮೆರಿಕದಲ್ಲಿ ತಯಾರಾಗಿ ರಷ್ಯಕ್ಕೆಂದು ಹೊರಟ ಸೆಟ್ಟುಗಳ ಮುಖದ ಮೇಲೆ ಇಂಗ್ಲಿಷೂ ರಷ್ಯನ್ನೂ ಜೊತೆಜೊತೆಯಾಗಿ ಇವೆ. ನಮ್ಮ ದ್ವಿಭಾಷಾ ಶಾಸನಗಳ ನೆನಪಾಗುತ್ತದೆ.

ಇನ್ನು ಓದುವ ಬಗೆ. ಮೊದಲು ತಂತಿಯ ಎರಡು ತುದಿಗಳನ್ನೂ ಅಲ್ಲಿ ಸುತ್ತಿದ ಪಟ್ಟಿಯನ್ನೂ ನೋಡಬೇಕು. ಅಗಲವಾದ ಬಾಣದ ಗುರುತಿದ್ದರೆ ಅದು ಬ್ರಿಟಿಷ್ ಸರಕಾರದ ಸೊತ್ತು. ‘ಸಿ’ ಅಕ್ಷರದ ಹೊಟ್ಟೆಯೊಳಗೆ ಬಾಣವಿದ್ದರೆ ಕೆನಡದ್ದು. ‘ಜೆಡ್ ಎ’ ಎಂದು ಆರಂಭವಾಗುವ ಅಂಕಿ ಬ್ರಿಟಿಷ್ ಉಗ್ರಾಣದ ಲೆಕ್ಕದ ಸಂಖ್ಯೆ. ಅಮೆರಿಕದವರ ಬರೆಹ ಬೇರೆ: ‘ಸಿ ಡಿ’ ಎಂದರೆ ತಂತಿ, ‘ಪಿ ಎಲ್’ ಎಂದರೆ ಪ್ಲಗ್ಗು, ‘ಜೆ ಕೆ’ ಎಂದರೆ ಅದನ್ನು ಸಿಕ್ಕಿಸುವ ಜಾಕು, ‘ಎಂ ಪಿ’ ಎಂದರೆ ಏರಿಯಲ್ಲಿನ ಬುಡ. ಭಾರತ್ ಎಲೆಕ್ಟ್ರಾನಿಕ್ಸಿನ ಹೆಸರಿದ್ದರೆ ಅದು ಮಹಾಯುದ್ಧದ ವಸ್ತುವೆಂಬ ಮಾತನ್ನು ಯಾರು ಹೇಳಿದರೂ ನಂಬಬೇಕಾಗಿಲ್ಲ. ಬೆಂಗಳೂರಿನ ಜಾಲಹಳ್ಳಿಯ ಆ ಸಂಸ್ಥೆ ಹುಟ್ಟಿದ್ದೇ 1954ರಲ್ಲಿ. ಲಿಪಿ ನೋಡಿ ಶಾಸನದ ಕಾಲ ಹೇಳುವ ವಿದ್ಯೆಯೂ ಇದಲ್ಲದೆ ಬೇರೆಯಲ್ಲ. ಅಕ್ಷರ ಮಾಸಿದ್ದರೆ ಪಿನ್ನುಗಳನ್ನು ಎಣಿಸಿ, ಉದ್ದವನ್ನು ಅಳೆದು, ಅದು ಯಾವ ಸೆಟ್ಟಿನ ಬಾಯಿಗೆ ಹೊಂದುತ್ತದೆಂದು ತಾಳೆನೋಡಬೇಕು.

ಈ ಸಲಕರಣೆಗಳಲ್ಲಿ ಒಂದನ್ನು ಬೇರೆಯಾಗಿಯೇ ಹೇಳಬೇಕು. ಟ್ಯಾಂಕಿನವನ ಹೆಡ್‌ಫೋನಿನ ತಂತಿ ಉದ್ದಕ್ಕೂ ಒಂದೇ ಆಗಿರುವುದಿಲ್ಲ. ನಡುವೆ ಒಂದು ಪ್ಲಗ್ಗು ಉಂಟು. ಕೊಂಚ ಜಗ್ಗಿದರೆ ಸಾಕು, ಅದು ಬಿಟ್ಟುಕೊಳ್ಳುತ್ತದೆ. ಹೀಗೇಕೆ ಸಡಿಲ ಮಾಡಿದರು? ಟ್ಯಾಂಕಿಗೆ ಬೆಂಕಿ ಬಿದ್ದಾಗ ಮೇಲಿನ ಕಿಂಡಿಯಿಂದ ಹೊರಕ್ಕೆ ಹಾರುವವನಿಗೆ ಕಿವಿಯ ತಂತಿ ಬಿಚ್ಚುವಷ್ಟು ಹೊತ್ತೂ ಇರುವುದಿಲ್ಲ. ತಂತಿ ಗಟ್ಟಿಯಾಗಿದ್ದರೆ ಅದೇ ಅವನ ಕೊರಳಿಗೆ ಉರುಲಾದೀತು. ಸಡಿಲವಾಗಿರುವುದೇ ಇಲ್ಲಿ ಗುಣ. ವೀರಗಲ್ಲುಗಳು ಸತ್ತವರ ಕತೆ ಹೇಳುತ್ತವೆ. ಈ ರಬ್ಬರಿನ ತುಂಡು ಬದುಕಿ ಹೊರಬರಲೆಂದು ಮಾಡಿದ ಏರ್ಪಾಟಿನ ಕತೆ ಹೇಳುತ್ತದೆ. ತಕ್ಕಡಿಯಲ್ಲಿ ಅದರ ತೂಕವೆಷ್ಟಾದೀತು?

ಬೆಲೆಯ ಮಾತು ಬಂದಾಗ ನೆನಪಿಡಬೇಕಾದದ್ದು ಇದು: ಗುಜರಿಯವನಿಗೆ ಬೇಕಾದದ್ದು ನಡುವಿನ ತಾಮ್ರ, ಹಳೆಯ ಜೀಪನ್ನು ಮೊದಲಿನ ರೂಪಕ್ಕೆ ತರುವ ಹವ್ಯಾಸಿಗೆ ಬೇಕಾದದ್ದು ತುದಿಯ ಪ್ಲಗ್ಗು. ಎರಡೂ ತುದಿ ಕೆಡದೆ, ಪಟ್ಟಿಯ ಅಕ್ಷರ ಓದಲು ಬಂದು, ರಬ್ಬರು ಬಿರಿಯದೆ ಇದ್ದರೆ ಬೆಲೆ ಹೆಚ್ಚು. ತಾರೀಖು ಇರುವ ಮೂಲ ಪೊಟ್ಟಣವೂ ಇದ್ದರೆ ಇನ್ನೂ ಹೆಚ್ಚು. ತನ್ನ ಸೆಟ್ಟಿನ ಜೊತೆಗೇ ಉಳಿದದ್ದಕ್ಕಂತೂ ಎಲ್ಲಕ್ಕಿಂತ ಹೆಚ್ಚು. ಈಚೆಗೆ ಮಾಡಿದ ಅನುಕರಣೆಗಳೂ ಉಂಟು; ಕೊಳ್ಳುವವರು ಎಚ್ಚರವಾಗಿರಬೇಕು. ಕೈಯಲ್ಲಿರುವವರು ಅದನ್ನು ಉಜ್ಜಿ ಹೊಳಪು ಮಾಡಬಾರದು, ಪಟ್ಟಿಯನ್ನು ಕೀಳಬಾರದು. ಕುತೂಹಲಕ್ಕೆಂದು ಸೆಟ್ಟಿಗೆ ವಿದ್ಯುತ್ತು ಕೊಡಲೇಬಾರದು. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ನೂರಾರು ವೋಲ್ಟು ಹುಟ್ಟಿಸುವ ಯಂತ್ರ ಅದು. ಸೆಟ್ಟನ್ನು ಇಟ್ಟುಕೊಳ್ಳಲು ಅನುಮತಿ ಬೇಕೆಂಬ ಕಟ್ಟಳೆ 1933ರ ಕಾಯಿದೆಯಲ್ಲಿತ್ತು, 2023ರ ಕಾಯಿದೆಯಲ್ಲಿಯೂ ಇದೆ.

ನಮ್ಮ ಸೇನೆಯ ಸಿಗ್ನಲ್ಸ್ ದಳ 1911ರಲ್ಲಿ ಹುಟ್ಟಿದ್ದು. ಅದರ ವಸ್ತುಸಂಗ್ರಹಾಲಯ ಜಬ್ಬಲ್‌ಪುರದಲ್ಲಿದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಬೆಳೆದ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಹರವೆಯಂಥ ಊರಿನ ಅಟ್ಟದಲ್ಲಾಗಲಿ ಬೆಂಗಳೂರಿನ ಮನೆಯ ಕಪಾಟಿನಲ್ಲಾಗಲಿ, ಸೈನ್ಯದಲ್ಲಿದ್ದ ಹಿರಿಯರೊಬ್ಬರು ಬಿಟ್ಟುಹೋದ ತಂತಿಯ ಸುರುಳಿ ಇದ್ದರೆ, ಅವರು ಎಲ್ಲಿ ಯಾವ ವರ್ಷ ದುಡಿದರೆಂಬ ನಾಲ್ಕು ಸಾಲನ್ನು ಕಾಗದದಲ್ಲಿ ಬರೆದು ಅದಕ್ಕೆ ಕಟ್ಟಿಡುವುದು ಯಾರಿಗೂ ಕಷ್ಟದ ಕೆಲಸವಲ್ಲ. ತಾಮ್ರಪಟ ಬರೆಸಲು ಅರಸನೇ ಬೇಕಿತ್ತು. ಈ ನಾಲ್ಕು ಸಾಲಿಗೆ ಮೊಮ್ಮಕ್ಕಳು ಸಾಕು. ಆದರೆ ಗುಜರಿಯವನು ಬರುವ ಮುಂಚೆ ಬರೆಯಬೇಕು.