ಕುಷ್ಟಗಿ ಮ್ಯಾಲೆ ಹಾದ ಟಪಾಲು ವಿಮಾನ

1/5
ಒಂದು ನಕ್ಷೆ ತಗೊಳ್ರಿ. ಸ್ಕೇಲ್ ಇಟ್ಟು ಮುಂಬೈನಿಂದ ಬಳ್ಳಾರಿಗೆ ನೇರ ಗೆರೆ ಎಳೀರಿ. ಎಲ್ಲಿ ಹಾಯ್ತು? ಕುಷ್ಟಗಿ ಪಕ್ಕದಾಗ, ಆಮೇಲೆ ಗಂಗಾವತಿ ಪಕ್ಕದಾಗ. ಹೌದಲ್ಲೋ?

ಮುಂದೆ ಏರ್ ಇಂಡಿಯಾ ಆದ ಟಾಟಾ ವಿಮಾನ ಸೇವೆ ಶುರುವಾದಾಗ ಅದರ ದಾರಿ ಹೀಗಿತ್ತು: ಕರಾಚಿ, ಅಹಮದಾಬಾದ್, ಮುಂಬೈ, ಬಳ್ಳಾರಿ, ಮದ್ರಾಸ್. ಲಂಡನ್‌ನಿಂದ ಕರಾಚಿಗೆ ಬಂದ ಟಪಾಲನ್ನು ದಕ್ಷಿಣಕ್ಕೆ ಮುಟ್ಟಿಸೋದು ಅದರ ಕೆಲಸ. ಆಗ ನಮ್ಮ ಸೀಮೆ ಹೈದರಾಬಾದ್ ನಿಜಾಮರದ್ದು, ಬಳ್ಳಾರಿ ಮದ್ರಾಸ್ ಪ್ರಾಂತ್ಯದ್ದು. ತುಂಗಭದ್ರಾ ಡ್ಯಾಮ್ ಇನ್ನೂ ಕಟ್ಟಿರಲಿಲ್ಲ.

2/5
ಸೇವೆ ಶುರುವಾಗಬೇಕಿದ್ದದ್ದು 1932ರ ಸೆಪ್ಟೆಂಬರ್‌ನಲ್ಲಿ. ಆದರೆ ಮುಂಬೈ ಮಳೆ ಬಿಡಲಿಲ್ಲ. ಜುಹುದಲ್ಲಿ ವಿಮಾನ ಇಳಿಯುತ್ತಿದ್ದದ್ದು ಸಮುದ್ರದಂಚಿನ ಕೆಸರು ಬಯಲಿನಲ್ಲಿ. ಮಳೆಗಾಲ ಬಂದರೆ ಬಯಲು ನೀರೇ ನೀರು. ಒಂದು ತಿಂಗಳು ಕಾಯಬೇಕಾಯ್ತು.

ಅಕ್ಟೋಬರ್ 15ರ ಬೆಳಿಗ್ಗೆ 28 ವರ್ಷದ ಜೆ.ಆರ್.ಡಿ. ಟಾಟಾ ಒಬ್ಬರೇ ಕರಾಚಿಯಿಂದ ಹೊರಟರು. ಅಹಮದಾಬಾದ್‌ನಲ್ಲಿ ವಿಮಾನಕ್ಕೆ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ! ಮಧ್ಯಾಹ್ನ ಜುಹು ಮುಟ್ಟಿದರು. ಎಲ್ಲರಿಗೂ ಗೊತ್ತಿರೋ ಕಥೆ ಇಲ್ಲಿಗೇ ಮುಗೀತದೆ.

ನಮ್ಮ ಕಥೆ ಇಲ್ಲಿಂದ ಶುರು. ಅಲ್ಲಿಂದ ಟಪಾಲು ಹೊತ್ತು ಬಳ್ಳಾರಿ ಕಡೆ ಹಾರಿದವರು ನೆವಿಲ್ ವಿನ್ಸೆಂಟ್. ಬ್ರಿಟಿಷ್ ವಾಯುಪಡೆಯಲ್ಲಿ ಇದ್ದವರು. ಈ ಸೇವೆಯ ಯೋಚನೆಯನ್ನು ಜೆ.ಆರ್.ಡಿ. ಮುಂದೆ ಮೊದಲು ಇಟ್ಟವರೂ ಅವರೇ. ರಾತ್ರಿ ಬಳ್ಳಾರಿಯಲ್ಲಿ ತಂಗಿ, ಮರುದಿನ ಮದ್ರಾಸ್ ಸೇರಿದರು.

3/5
ವಿಮಾನದ ಹೆಸರು ಪುಸ್ ಮೋತ್. ಒಂದೇ ಎಂಜಿನ್. ವೇಗ ಗಂಟೆಗೆ ಸುಮಾರು 160 ಕಿ.ಮೀ. ರೇಡಿಯೋ ಇಲ್ಲ. ಮುಂದೆ ಮೋಡ ಐತೋ ಬಿಸಿಲು ಐತೋ ಅಂತ ಹಾದಿಯಲ್ಲಿ ಹೇಳೋರು ಯಾರೂ ಇಲ್ಲ. ಕೈಯಲ್ಲಿ ನಕ್ಷೆ, ಎದುರಿಗೆ ದಿಕ್ಸೂಚಿ, ಕೆಳಗೆ ಹೊಳೆ, ರೈಲು ಹಳಿ. ಕೃಷ್ಣೆ ಕಂಡರೆ ಅರ್ಧಕ್ಕಿಂತ ಹೆಚ್ಚು ದಾರಿ ಆಯ್ತು, ತುಂಗಭದ್ರೆ ಕಂಡರೆ ಬಳ್ಳಾರಿ ಬಂತು.

ಈಗ ಒಂದು ಲೆಕ್ಕ ಮಾಡೋಣ. ಗಂಟೆಗೆ 40 ಕಿ.ಮೀ. ಅಡ್ಡಗಾಳಿ ಬೀಸ್ತದೆ ಅನ್ಕೊಳ್ರಿ. ಪೈಲಟ್ ಗಮನಿಸದೇ ಇದ್ದರೆ ಒಂದೇ ತಾಸಿನಲ್ಲಿ ವಿಮಾನ 40 ಕಿ.ಮೀ. ಪಕ್ಕಕ್ಕೆ ಸರಿದಿರ್ತದೆ. ಅಂದರೆ ಕೊಪ್ಪಳದ ಮೇಲೆ ಇರಬೇಕಾದವರು ಗಂಗಾವತಿ ಮೇಲೆ! ಕೆಳಗೆ ನೆಲ ಕಂಡರೆ ತಪ್ಪು ತಿದ್ಕೋಬಹುದು. ಮೋಡ ಮುಚ್ಚಿದರೆ?

ಮುಚ್ಚೋ ಜಾಗ ಪಶ್ಚಿಮ ಘಟ್ಟ. ಮಳೆಗಾಲದ ಮೋಡ ಅಲ್ಲಿ ಬೆಟ್ಟಕ್ಕೇ ಅಂಟಿಕೊಂಡಿರ್ತದೆ. ಮೇಲೆ ಹಾರಿದರೆ ನೆಲ ಕಾಣಲ್ಲ, ಕೆಳಗೆ ಹಾರಿದರೆ ಬೆಟ್ಟ ಬಡೀತದೆ. ಘಟ್ಟ ದಾಟಿ ನಮ್ಮ ಕಡೆ ಬಂದಂಗೆ ಮಳೆ ಕಮ್ಮಿ, ನೆಲ ಬಯಲು. ನಾವು ‘ಮಳೆ ಇಲ್ಲ’ ಅಂತ ಬೈಕೊಳ್ಳೋ ಇದೇ ಸೀಮೆ ಆ ಪೈಲಟ್‌ಗಳಿಗೆ ಉಸಿರು ಬಿಡೋ ಜಾಗ.

4/5
ಮೊದಲ ವರ್ಷ ಏನಾಯ್ತು ಗೊತ್ತಾ? ಒಂದು ಸಲವೂ ಟಪಾಲು ತಡ ಆಗಲಿಲ್ಲ. ಮಳೆಗಾಲದಲ್ಲೂ! ಆಗಿನ ಸರ್ಕಾರದ ನಾಗರಿಕ ವಿಮಾನಯಾನ ಇಲಾಖೆಯೇ ತನ್ನ ವರದಿಯಲ್ಲಿ ಇದನ್ನು ಮಾದರಿ ಅಂತ ಹೊಗಳಿತು. ಆ ಸರ್ಕಾರ ಈ ಸೇವೆಗೆ ಸಹಾಯಧನ ಮಾತ್ರ ಕೊಟ್ಟಿರಲಿಲ್ಲ.

ಇದು ಹುಚ್ಚು ಧೈರ್ಯದ ಕಥೆ ಅಂತ ತಿಳ್ಕೋಬೇಡ್ರಿ. ಜುಹು ನೀರಲ್ಲಿ ಮುಳುಗಿದಾಗ ಅಲ್ಲೇ ಇಳೀತೀವಿ ಅಂತ ಹಟ ಹಿಡಿಯಲಿಲ್ಲ, ಪುಣೆಗೆ ಹೋದರು. ಕತ್ತಲಾದಾಗ ಮದ್ರಾಸ್ ಮುಟ್ಟೇ ಬಿಡೋಣ ಅನ್ನಲಿಲ್ಲ, ಬಳ್ಳಾರಿಯಲ್ಲಿ ತಂಗಿದರು. ಹವಾಮಾನದ ಜೊತೆ ಕುಸ್ತಿ ಹಿಡಿಯಲಿಲ್ಲ, ಅದಕ್ಕೆ ಜಾಗ ಬಿಟ್ಟು ವೇಳಾಪಟ್ಟಿ ಮಾಡಿದರು. ಟೈಮ್ ತಪ್ಪದೇ ಇದ್ದದ್ದು ಅದಕ್ಕೇ.

5/5
ಮುಂದೆ ದಾರಿ ಬದಲಾಯ್ತು. ಬಳ್ಳಾರಿ ಬಿಟ್ಟು ಹೈದರಾಬಾದ್ ಸೇರಿತು. ನಮ್ಮ ಸೀಮೆ ಆ ನಕ್ಷೆಯಿಂದ ಜಾರಿತು. ವಿನ್ಸೆಂಟ್ 1942ರಲ್ಲಿ, ಯುದ್ಧದ ಕಾಲದ ಒಂದು ವಿಮಾನ ಪ್ರಯಾಣದಲ್ಲಿ ತೀರಿಕೊಂಡರು. 1946ರಲ್ಲಿ ಕಂಪನಿಗೆ ಏರ್ ಇಂಡಿಯಾ ಅಂತ ಹೆಸರಾಯ್ತು.

ಕ್ವಿಜ್‌ನಲ್ಲಿ ಕೇಳೋದು ಕರಾಚಿ–ಮುಂಬೈ ಹಾರಾಟ, ಜೆ.ಆರ್.ಡಿ. ಹೆಸರು. ಅದು ಸರಿಯಾದ ಉತ್ತರವೇ. ಆದರೆ ಅರ್ಧ ಉತ್ತರ. ಉಳಿದ ಅರ್ಧ ನಮ್ಮ ಹೊಲಗಳ ಮೇಲಿನ ದಾರಿಯದ್ದು. ಇತಿಹಾಸ ಅಂದ್ರೆ ಹಂಪಿ, ಆನೆಗೊಂದಿ ಅಷ್ಟೇ ಅಲ್ರೀ, ನಮ್ಮ ತಲೆ ಮೇಲೂ ಐತಿ.

ಮುಂದಿನ ಸಲ ಯಾರಾದರೂ ‘ನಮ್ಮ ಕಡೆ ಏನೈತಿ?’ ಅಂದ್ರೆ, ಅವರಿಗೆ ಇದನ್ನ ಕಳಸ್ರಿ.

#ಕೊಪ್ಪಳ #ಕುಷ್ಟಗಿ #ಗಂಗಾವತಿ #ಯಲಬುರ್ಗಾ #ನಮ್ಮಇತಿಹಾಸ