ಕಳೆದದ್ದು, ಉಳಿದದ್ದು

ಹಂಪಿಯ ರಾಣಿವಾಸದ ಆವರಣಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನನಗೊಂದು ಅಳುಕು. ಎತ್ತರದ ಕಲ್ಲುಗೋಡೆ, ಕಮಲ ಮಹಲು, ಕಾವಲು ಗೋಪುರ ಎಲ್ಲವನ್ನೂ ತೋರಿಸಿ ಮುಗಿಸುವಷ್ಟರಲ್ಲಿ ಯಾರಾದರೂ ಗೈಡು "ಇಲ್ಲಿ ಖೋಜಾಗಳು ಕಾವಲಿದ್ದರು" ಎಂದುಬಿಡುತ್ತಾನೆ. ಒಂದು ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು "ಖೋಜಾ ಅಂದ್ರೇನು ಟೀಚರ್?" ಎಂದು ಕೇಳಿದಳು. "ಅರಮನೆಯ ಸೇವಕರು" ಎಂದು ಹೇಳಿ ಎಲ್ಲರನ್ನೂ ಆನೆಲಾಯದ ಕಡೆಗೆ ನಡೆಸಿಕೊಂಡು ಹೋದೆ. ಹೇಳಿದ್ದು ಸುಳ್ಳಲ್ಲ, ಆದರೆ ಅದು ಉತ್ತರವೂ ಅಲ್ಲ. ಉತ್ತರ ಹುಡುಕಿಕೊಳ್ಳಬೇಕಾದ ಹೊತ್ತು ತಡವಾಗಿ, ನಮ್ಮ ಮನೆಯೊಳಗೇ ಬಂತು.

ಸಂಡೂರಿನ ಗಣಿಯಲ್ಲಿ ದುಡಿದು ನಿವೃತ್ತನಾದ ನನ್ನ ಅಣ್ಣನಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬಂದು ಮೂಳೆಗೆ ಹರಡಿತ್ತು. ವೃಷಣಗಳನ್ನು ತೆಗೆದರೆ ರೋಗ ಹಿಡಿತಕ್ಕೆ ಬರುತ್ತದೆ, ಇಲ್ಲವಾದರೆ ಅದೇ ಪರಿಣಾಮದ ಚುಚ್ಚುಮದ್ದನ್ನು ಬಿಡದೆ ತೆಗೆದುಕೊಳ್ಳಬೇಕು ಎಂದರು ವೈದ್ಯರು. ಅಣ್ಣ ಗೋಡೆಯ ಕಡೆ ಮುಖ ಮಾಡಿ, "ನನ್ನನ್ನ ಎತ್ತು ಮಾಡ್ತೀರೇನು?" ಎಂದ.

ನಾವು ಕಂಪ್ಲಿಯ ಕಡೆಯ ಒಕ್ಕಲು ಮನೆಯವರು. ಹೋರಿಗರುವಿನ ಬೀಜ ಒಡೆಸಿ ಎತ್ತು ಮಾಡುವುದನ್ನು ಕಂಡೇ ಬೆಳೆದವರು. ಬೀಜ ಒಡೆದ ಮೇಲೆ ಗೂಳಿಯ ಕೊಬ್ಬು ಇಳಿಯುತ್ತದೆ, ಹಿಣಿಲು ಸಣ್ಣದಾಗುತ್ತದೆ, ಪ್ರಾಣಿ ನೊಗಕ್ಕೆ ಒಗ್ಗುತ್ತದೆ. ಹೀಗೇಕೆ ಎಂದು ಆಗ ಯಾರೂ ಕೇಳುತ್ತಿರಲಿಲ್ಲ.

ಕೇಳಿದವನು ಜರ್ಮನಿಯ ಬೆರ್ಟೋಲ್ಡ್. 1849ರಲ್ಲಿ ಅವನು ಆರು ಹುಂಜಗಳ ವೃಷಣ ತೆಗೆದು, ಕೆಲವಕ್ಕೆ ಅದನ್ನು ಹೊಟ್ಟೆಯೊಳಗೆ ಮರಳಿ ನೆಟ್ಟ. ನೆಟ್ಟ ಹುಂಜಗಳು ಕೂಗಿದವು, ಕಾದಾಡಿದವು, ಜುಟ್ಟು ಕೆಂಪಗೆ ಬೆಳೆಯಿತು, ಉಳಿದವು ಮಂಕಾದವು. ವೃಷಣದಿಂದ ರಕ್ತಕ್ಕೆ ಏನೋ ಸೇರುತ್ತದೆಂದು ಹೀಗೆ ತಿಳಿಯಿತು. ಅದು ಟೆಸ್ಟೋಸ್ಟಿರೋನ್. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು ಸುಮಾರು 100 ಕಿಲೋ ಹೋರಿ ವೃಷಣದಿಂದ ಬರೀ 10 ಮಿಲಿಗ್ರಾಂನಷ್ಟು ಅದನ್ನು ಬೇರ್ಪಡಿಸಿದರು. ಅಷ್ಟು ಅಲ್ಪ ವಸ್ತುವಿನಿಂದ ಗಡ್ಡ, ಗಡಸು ದನಿ, ಮಾಂಸಖಂಡ, ಕಾಮ ಎಲ್ಲ.

ವೃಷಣ ಹೋದ ಮೇಲೆ ಈ ರಸ ಬಹುಪಾಲು ಇಲ್ಲವಾಗುತ್ತದೆ; ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಿಂದ ಸ್ವಲ್ಪ ಮಾತ್ರ ಬರುತ್ತದೆ. ಆದರೆ ಪರಿಣಾಮ ವಯಸ್ಸಿನ ಮೇಲೆ ನಿಂತಿದೆ. ಹುಡುಗ ಪ್ರಾಯಕ್ಕೆ ಬರುವ ಮೊದಲೇ ಹೀಗಾದರೆ ದನಿ ಒಡೆಯುವುದಿಲ್ಲ, ಗಡ್ಡ ಮೂಡುವುದಿಲ್ಲ, ಜನನಾಂಗ ಬೆಳೆಯುವುದಿಲ್ಲ. ಮೂಳೆಗಳ ತುದಿ ಬೇಗ ಮುಚ್ಚಿಕೊಳ್ಳದೆ ಕೈಕಾಲು ಉದ್ದವಾಗುತ್ತವೆ. ಎತ್ತು ಹೋರಿಗಿಂತ ಎತ್ತರಕ್ಕೆ ಬೆಳೆಯುವುದೂ ಇದಕ್ಕೇ. ಬೆಳೆದ ಗಂಡಸಿಗೆ ಹೀಗಾದರೆ ದನಿ ಹೆಣ್ಣಾಗುವುದಿಲ್ಲ. ಸಂತಾನಶಕ್ತಿ ಹೋಗುತ್ತದೆ, ಕಾಮವೂ ನಿಮಿರುವಿಕೆಯೂ ಕುಗ್ಗುತ್ತವೆ. ಆದರೂ ಕೆಲವರಲ್ಲಿ ಬಹುಕಾಲ ಪೂರ್ತಿ ಆರುವುದಿಲ್ಲ. ಮುಟ್ಟು ನಿಂತ ನಮ್ಮ ಹಾಗೆ ಮೈ ಬಿಸಿಯೇರಿ ಬೆವರುತ್ತದೆ, ಮೂಳೆ ಸವೆಯುತ್ತದೆ. ಬುದ್ಧಿ, ಧೈರ್ಯ, ನೆನಪುಗಳ ಮನೆ ಮಾತ್ರ ವೃಷಣವಲ್ಲ.

ಇದನ್ನು ತಿಳಿದ ಮೇಲೆ ಹಂಪಿ ನನಗೆ ಬೇರೆಯಾಗಿ ಕಂಡಿತು. 1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ರಾಣಿಯರು ಮುಚ್ಚಿದ ಪಲ್ಲಕ್ಕಿಯಲ್ಲಿ ಹೊರಟರೆ ಮುನ್ನೂರು ನಾನ್ನೂರು ಖೋಜಾಗಳು ಜೊತೆಗಿರುತ್ತಿದ್ದರೆಂದು ಬರೆದಿದ್ದಾನೆ. ಈಗ ರಾಣಿವಾಸವೆನ್ನುವ ಜಾಗ ನಿಜವಾಗಿ ರಾಣಿವಾಸವೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆ ಮುನ್ನೂರು ನಾನ್ನೂರು ಜನರಂತೂ ಇದ್ದರು. ಯಾವುದೋ ತಾಯಿಯ ಮಕ್ಕಳು. ಅವರ ಹೆಸರಿನ ಒಂದು ಕಲ್ಲೂ ನಮ್ಮಲ್ಲಿಲ್ಲ.

ಹೆಸರು ಉಳಿದವನು ಮಲಿಕ್ ಕಾಫರ್. 1299ರಲ್ಲಿ ಖಂಬಾಯತದಲ್ಲಿ ಸಿಕ್ಕ ಗುಲಾಮ, ಖೋಜಾ. 1311ರಲ್ಲಿ ದೆಹಲಿಯ ಸೇನಾಪತಿಯಾಗಿ ದ್ವಾರಸಮುದ್ರದವರೆಗೆ ಬಂದು ಮೂರನೆಯ ಬಲ್ಲಾಳನನ್ನು ಮಣಿಸಿದ. ಅವನ ದಾಳಿಯನ್ನು ನಾನು ಮೆಚ್ಚುವುದಿಲ್ಲ. ಆದರೆ ಖೋಜಾ ಎಂದರೆ ಕೈಲಾಗದವನು ಎನ್ನುವವರು ಅವನನ್ನು ನೆನೆಯಬೇಕು. ಇನ್ನು ನಮ್ಮ ಕಂಪಿಲಿಯ ಕುಮಾರರಾಮನನ್ನು ನೋಡಿ. ಮಲತಾಯಿ ರತ್ನಾಜಿಯ ಮೋಹವನ್ನು ಒಲ್ಲದೆ 'ಪರನಾರೀ ಸಹೋದರ' ಎನಿಸಿಕೊಂಡವನು. ಕಥೆಯಿರಲಿ, ಇತಿಹಾಸವಿರಲಿ, ಅವನ ಸಂಯಮಕ್ಕೆ ಯಾವ ಕತ್ತಿಯೂ ಬೇಕಾಗಲಿಲ್ಲ.

ಹೊಸಪೇಟೆಯಿಂದ ಹೊಳೆ ದಾಟಿದರೆ ಹುಲಿಗಿ. ಹುಣ್ಣಿಮೆಯ ದಿನ ಹುಲಿಗೆಮ್ಮನ ಗುಡಿಯ ಮುಂದೆ ಸೀರೆಯುಟ್ಟ ಜೋಗಪ್ಪಗಳನ್ನು ಕಂಡು ಜನ ಪಿಸುಗುಡುವುದು ಒಂದೇ ಮಾತು: "ಕತ್ತರಿಸಿಕೊಂಡಾರೋ ಇಲ್ಲೋ?" ಜೋಗಪ್ಪಗಳ ಸಂಪ್ರದಾಯ ಅದನ್ನು ಕೇಳುವುದಿಲ್ಲ. ದೀಕ್ಷೆಯಲ್ಲಿ ಅಲ್ಲಿ ಕತ್ತರಿಸುವುದು ಸೊಂಟದ ಉಡಿದಾರವನ್ನು. ಬರೀ ನೂಲು. ಹಾಗೆ ದೀಕ್ಷೆ ಪಡೆದವರಲ್ಲೊಬ್ಬರು ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ. ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು.

ಕಾನೂನು ಮಾತ್ರ ಬಹುಕಾಲ ಮೈಯನ್ನೇ ತಡಕಿತು. ಉತ್ತರದ ಪ್ರಾಂತ್ಯಗಳಿಗೆಂದು ಬ್ರಿಟಿಷರು 1871ರಲ್ಲಿ ಮಾಡಿದ ಕಾಯಿದೆ, ವೈದ್ಯರ ತಪಾಸಣೆಯಲ್ಲಿ ಷಂಡನೆಂದು ಕಂಡವನೇ ಖೋಜಾ ಎಂದಿತು. ಹುಲಿಗಿಯ ದಂಡೆ ನಿಜಾಮನ ಕೈಯಲ್ಲಿದ್ದ ಕಾಲದಲ್ಲಿ, 1919ರಲ್ಲಿ, ಹೈದರಾಬಾದಿನಲ್ಲೂ ಖೋಜಾಗಳನ್ನು ದಫ್ತರಿನಲ್ಲಿ ಬರೆದಿಡುವ ಕಾನೂನು ಬಂತು. ತೆಲಂಗಾಣದ ಹೈಕೋರ್ಟು ಅದನ್ನು ಹೊಡೆದುಹಾಕಿದ್ದು 2023ರಲ್ಲಿ. ತಮ್ಮ ಲಿಂಗ ಯಾವುದೆಂದು ಹೇಳಿಕೊಳ್ಳಲು ಶಸ್ತ್ರಚಿಕಿತ್ಸೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟು 2014ರಲ್ಲೇ ಹೇಳಿತ್ತು. ಹುಲಿಗಿಯ ನೂಲು ಅದನ್ನು ಮೊದಲೇ ಹೇಳಿತ್ತಲ್ಲವೇ?

ಇವನ್ನೆಲ್ಲ ಅಣ್ಣನ ಹಾಸಿಗೆಯ ಪಕ್ಕ ಕುಳಿತು ಸ್ವಲ್ಪಸ್ವಲ್ಪವಾಗಿ ಹೇಳಿದೆ. ತಂಗಿಯಾಗಿ ಅಣ್ಣನ ಮುಂದೆ ಆಡುವ ಮಾತೇ ಇವು ಎಂದು ನಾಲಿಗೆ ತೊದಲಿತು. ವೃಷಣ ತೆಗೆದರೆ ಈ ಕ್ಯಾನ್ಸರ್ ಕುಗ್ಗುತ್ತದೆಂದು 1941ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತೆಂದೂ ಹೇಳಿದೆ. ಕೊನೆಗೆ ಅವನನ್ನು ಒಪ್ಪಿಸಿದ್ದು ನಾನಲ್ಲ, ಅತ್ತಿಗೆ. "ನನಗೆ ಮನುಷ್ಯ ಬೇಕು" ಎಂದಳು, ಅಷ್ಟೇ.

ಆಪರೇಷನ್ ಆಯಿತು. ಬೆನ್ನಿನ ನೋವು ಇಳಿಯಿತು. ರಾತ್ರಿ ಬೆವರುತ್ತಾನೆ, ಬೇಗ ದಣಿಯುತ್ತಾನೆ. ಗಂಡ ಹೆಂಡಿರ ಬದುಕಿನಲ್ಲಿ ಕಳೆದದ್ದು ಕಳೆದಿದೆ, ಅದನ್ನು ಸಣ್ಣದೆನ್ನಲಾರೆ. ದನಿ ಅದೇ, ಸಿಟ್ಟು ಅದೇ, ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುವಾಗಿನ ಗದರಿಕೆಯೂ ಅದೇ.

ಮುಂದಿನ ಸಲ ಹಂಪಿಯಲ್ಲಿ ಯಾವ ಹುಡುಗಿಯಾದರೂ ಆ ಪ್ರಶ್ನೆ ಕೇಳಿದರೆ, ಆನೆಲಾಯಕ್ಕೆ ಅವಸರ ಮಾಡುವುದಿಲ್ಲ. ನೆರಳಿನಲ್ಲಿ ಎಲ್ಲರನ್ನೂ ಕೂರಿಸಿ ಹೇಳುತ್ತೇನೆ.